ಕೇಬಲ್ ಕಾರ್ ಅಂದರೆ ಬರೀ ಪ್ರವಾಸಿಗರಿಗೆ ತಾನೇ? ಊರಿನ ಜನ ದಿನಾ ಅದರಲ್ಲೇ ಓಡಾಡುವ ನಗರ ಇದೆಯಾ?

ಇದೆ. ಬೊಲಿವಿಯಾದ ಲಾ ಪಾಸ್. ಊರು ಸುಮಾರು 3,600 ಮೀಟರ್ ಎತ್ತರದ ಕಣಿವೆಯಲ್ಲಿದೆ. ಪಕ್ಕದ ಎಲ್ ಆಲ್ಟೊ ನಗರ ಆ ಕಣಿವೆಯ ಅಂಚಿನ ಮೇಲೆ, ಇನ್ನೂ 400 ಮೀಟರ್ ಎತ್ತರದಲ್ಲಿ. ನಡುವೆ ಇರೋದು ಕಡಿದಾದ ಅಂಕುಡೊಂಕು ರಸ್ತೆ, ಮೇಲೆ ಟ್ರಾಫಿಕ್ ಬೇರೆ. ಅದಕ್ಕೇ 2014ರಲ್ಲಿ 'ಮಿ ಟೆಲೆಫೆರಿಕೊ' ಅನ್ನೋ ಕೇಬಲ್ ಕಾರ್ ಸೇವೆ ಶುರುವಾಯಿತು. ಮೊದಲ ಮೂರು ಮಾರ್ಗಗಳಿಗೆ ದೇಶದ ಬಾವುಟದ ಬಣ್ಣಗಳು: ಕೆಂಪು, ಹಳದಿ, ಹಸಿರು. ಈಗ ಹತ್ತು ಮಾರ್ಗ, ಸುಮಾರು 30 ಕಿ.ಮೀ.

ಒಂದು ಡಬ್ಬಿಯಲ್ಲಿ ಹತ್ತೇ ಜನ, ಇದು ಸಾಕಾ ಅನಿಸುತ್ತದೆ ಅಲ್ವಾ? ಆದರೆ 12 ಸೆಕೆಂಡಿಗೊಂದು ಬರುತ್ತದೆ. ಅಂದರೆ ಒಂದು ದಿಕ್ಕಿನಲ್ಲಿ ಗಂಟೆಗೆ 3,000 ಜನ. ನಿಲ್ದಾಣದಲ್ಲೂ ಡಬ್ಬಿ ಪೂರ್ತಿ ನಿಲ್ಲುವುದಿಲ್ಲ. ಅದರ ಹಿಡಿಕೆ ಓಡುವ ಹಗ್ಗವನ್ನು ಬಿಡುತ್ತದೆ, ಡಬ್ಬಿ ಆಮೆಯಂತೆ ತೆವಳುತ್ತದೆ. ಆ ಹೊತ್ತಲ್ಲಿ ಹತ್ತಿಬಿಡಬೇಕು. ಬಾಗಿಲು ಮುಚ್ಚಿ, ಹಿಡಿಕೆ ಮತ್ತೆ ಹಗ್ಗ ಕಚ್ಚಿಕೊಳ್ಳುತ್ತದೆ.

ಸುಮ್ನೆ ನೋಡೋಕೆ ಹೋಗುವವರು ಕೆಂಪು ಮಾರ್ಗ ಹಿಡಿಯಿರಿ. ಹಳೇ ರೈಲು ನಿಲ್ದಾಣದ ಹತ್ತಿರ ಹತ್ತಿದರೆ ಎಲ್ ಆಲ್ಟೊಗೆ ಹತ್ತೇ ನಿಮಿಷ. ಕೆಳಗೆ ಸ್ಮಶಾನದ ಗೂಡುಗೂಡಾದ ಸಮಾಧಿಗಳು, ಬಣ್ಣ ಕಾಣದ ಇಟ್ಟಿಗೆ ಮನೆಗಳು, ತಾರಸಿ ಮೇಲೆ ಒಣಗುವ ಬಟ್ಟೆ. ಆಕಾಶ ತಿಳಿಯಾಗಿದ್ದರೆ ಇಲ್ಲಿಮಾನಿ ಹಿಮಪರ್ವತವೂ ಕಾಣುತ್ತದೆ. ಗುರುವಾರ ಇಲ್ಲವೇ ಭಾನುವಾರ ಹೋದರೆ ಮೇಲೆ ಎಲ್ ಆಲ್ಟೊದ ದೊಡ್ಡ ಸಂತೆ ಸಿಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಕ್ಯೂ ಜಾಸ್ತಿ, ಆ ಹೊತ್ತು ತಪ್ಪಿಸಿ. ಮೇಲೆ ಇಳಿದ ಕೂಡಲೇ ಬಿರುಸಾಗಿ ನಡೆಯಬೇಡಿ, 4,000 ಮೀಟರಲ್ಲಿ ಉಸಿರು ಕಟ್ಟುತ್ತದೆ.