ಗುಳೆ ಲೇಖನ: ಈಗಿರುವ ಹಾಗೆ ಬೇಡ

ನಮಸ್ಕಾರ. ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋಗುವವರ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕಾರಣ, ನಾಲ್ಕನೇ ಪುಟದ ನಿಮ್ಮ ಚಿಕ್ಕಮ್ಮ.

ಮೊದಲ ಮೂರು ಪುಟ ತೆಗೆದುಬಿಡಿ. 'ಪ್ರಾದೇಶಿಕ ಅಸಮತೋಲನ' ಹನ್ನೊಂದು ಸಲ ಬಂದಿದೆ, ಎಣಿಸಿದೆ. ರಾಜ್ಯದ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಅಳೆದ ನಂಜುಂಡಪ್ಪ ಸಮಿತಿಯ ಮಾತು ತಂದದ್ದು ಸರಿ, ಆದರೆ ಅರ್ಧವನ್ನೇ ತಂದಿದ್ದೀರಿ. 2002ರ ಆ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದವು, ನಿಜ. ಅದೇ ಪಟ್ಟಿಯಲ್ಲಿ ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಯೂ ಇವೆ. 'ಉತ್ತರ ಬಡವ, ದಕ್ಷಿಣ ಸಾಹುಕಾರ' ಎಂದು ಬರೆದರೆ ಅಲ್ಲಿಯವರು ಸುಮ್ನೆ ಬಿಡ್ತಾರಾ? ಮಾಗಡಿಯ ಕೂಲಿಯವನು ಬೆಳಿಗ್ಗೆ ಬಸ್ ಹತ್ತಿ ರಾತ್ರಿ ಮನೆಗೆ ಬರಬಹುದು. ದೇವದುರ್ಗದವರು ಮನೆಗೆ ಬೀಗ ಹಾಕಿಯೇ ಹೊರಡಬೇಕು. ಇದನ್ನು ಬರೆಯಿರಿ.

ನಿಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ಬಾಯ್ತುಂಬ ಹೊಗಳಿದ್ದೀರಿ. ಅದು ಕಾಲೇಜು ಸೀಟಿಗೆ, ಸರ್ಕಾರಿ ಕೆಲಸಕ್ಕೆ ಮೀಸಲಾತಿ ಕೊಟ್ಟಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಮ್ಮನ ಹಿಂದೆ ಹೋದ ನಿಮ್ಮ ಚಿಕ್ಕಮ್ಮನ ಮಗಳಿಗೆ ಅದರಿಂದ ಏನು ಸಿಕ್ಕಿತು? ಈ ಪ್ರಶ್ನೆ ನಿಮಗೆ ಬರಲೇ ಇಲ್ಲ, ಅಲ್ವಾ?

ಇನ್ನು ಚಿಕ್ಕಮ್ಮ. ಬೀಗದ ಕೈ ಪಕ್ಕದ ಮನೆಗೆ ಕೊಟ್ಟು, ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಬಸ್ ಹತ್ತಿದರು. ಇಷ್ಟೇ, ಎರಡು ಸಾಲು. ನಾನು ಅಲ್ಲೇ ನಿಂತೆ, ನೀವು ಓಡಿಬಿಟ್ಟಿರಿ. ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟಿದ್ದ? ಆ ದುಡ್ಡು ಯಾವ ಸಾಲಕ್ಕೆ ಹೋಯಿತು? ತೀರಿಸಲು ಎಷ್ಟು ವಾರ ಕಲ್ಲು, ಮಣ್ಣು ಹೊತ್ತರು? ತಗಡಿನ ಶೆಡ್ಡಿಗೆ ನೀರು ಎಲ್ಲಿಂದ ಬರುತ್ತಿತ್ತು? ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಕೇಳಿದ್ದರಾ, ಕೂಲಿ ಖಾತೆಗೆ ಯಾವಾಗ ಬಿತ್ತು? ತೊಗರಿ ಕೈಕೊಟ್ಟಿತು ಎಂದಿದ್ದೀರಿ. ಎಷ್ಟು ಎಕರೆ, ಎಷ್ಟು ಚೀಲ?

ಮತ್ತೊಂದು ಮಾತು. ನಿಮ್ಮ ಲೇಖನದಲ್ಲಿ ಚಿಕ್ಕಮ್ಮ 'ನಾವು ಉದ್ಯೋಗವನ್ನು ಅರಸಿ ವಲಸೆ ಹೋಗುತ್ತಿದ್ದೇವೆ' ಅನ್ನುತ್ತಾರೆ. ರಾಯಚೂರು ಸೀಮೆಯಲ್ಲಿ ಯಾರ್ರೀ ಹೀಗೆ ಮಾತಾಡೋದು? 'ದುಡಿಯಾಕ ಹೊಂಟೀವಿ' ಅಂತಲೇ ಹಾಕಿ. ಮೈಸೂರಿನ ಓದುಗರಿಗೂ ಅರ್ಥವಾಗುತ್ತದೆ, ಹೆದರಬೇಡಿ.

ಯುಗಾದಿಗೆ ಅವರು ಊರಿಗೆ ಬರುತ್ತಾರೆ ಎಂದು ನೀವೇ ಬರೆದಿದ್ದೀರಿ. ಎದುರು ಕೂತು ಕೇಳಿ, ಆಮೇಲೆ ಬರೆಯಿರಿ. ಎಂಟುನೂರು ಪದ ಸಾಕು, ಜಾಸ್ತಿ ಬೇಡ. ಅಲ್ಲಿಯವರೆಗೆ ಎರಡು ಪುಟ ನಿಮಗೆ ಅಂತ ಖಾಲಿ ಇಟ್ಟಿರುತ್ತೇನೆ.