ವೇರಿಯಬಲ್ ಹೆಸರು ಬದಲಿಸಿದರೆ ಕೋಡ್ ನಿಮ್ಮದಾಗುವುದಿಲ್ಲ

ಪಾಸ್‌ಪೋರ್ಟ್ ಎಲ್ಲಿ ಮಾಡಿಸೋದು, ಸ್ವೆಟರ್ ಎಷ್ಟು ಒಯ್ಯೋದು ಅಂತ ನನ್ನನ್ನು ಕೇಳಬೇಡಿ. ವಿದೇಶದ ಓದಿನ ಬಗ್ಗೆ ಬಂದ ಪತ್ರಗಳಲ್ಲಿ ಒಂದಕ್ಕೆ ಮಾತ್ರ ಉದ್ದದ ಉತ್ತರ ಬರೆಯುತ್ತೇನೆ. ಊರು, ಹೆಸರು ಬದಲಾಗಿ ಇದೇ ಪತ್ರ ಪ್ರತಿವರ್ಷ ಬರುತ್ತಿದೆ, ನನಗೂ ಸಾಕಾಗಿದೆ.

ಪ್ರಶ್ನೆ: ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ವಿದ್ಯಾರ್ಥಿ ವಿನಿಮಯದಲ್ಲಿ ಒಂದು ಸೆಮಿಸ್ಟರ್‌ಗೆ ಜರ್ಮನಿಗೆ ಬಂದಿದ್ದೇನೆ. ಅಲ್ಗಾರಿದಮ್ ಅಸೈನ್‌ಮೆಂಟನ್ನು ರೂಮ್‌ಮೇಟ್‌ನ ಕೋಡ್ ನೋಡಿಕೊಂಡು ಬರೆದೆ. ವೇರಿಯಬಲ್ ಹೆಸರು, ಅಂದರೆ ಕೋಡಿನಲ್ಲಿ ಮೌಲ್ಯಗಳಿಗೆ ಇಟ್ಟ ಹೆಸರು ಬದಲಿಸಿ, ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪನ್ನು ಇನ್ನೊಂದು ಬಗೆಯ ವೈಲ್ ಲೂಪ್ ಮಾಡಿದ್ದೆ. ಆದರೂ ನಕಲು ಎಂದು ಇಬ್ಬರಿಗೂ ವಿಚಾರಣೆಯ ಮೇಲ್ ಬಂದಿದೆ. ಲ್ಯಾಪ್‌ಟಾಪ್ ಹ್ಯಾಕ್ ಆಗಿತ್ತು ಅಂತ ಹೇಳು ಅಂತಾನೆ ಗೆಳೆಯ. ವಾಪಸ್ ಕಳಿಸಿಬಿಡುತ್ತಾರಾ ಸರ್?
– ಜಗಳೂರಿನ ವಿದ್ಯಾರ್ಥಿ

ಹ್ಯಾಕ್ ಕತೆ ಮೊದಲು ಬಿಡು ತಮ್ಮಾ. ಎದುರಿಗೆ ಕೂರುವವರು ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳು. ಅಕ್ಕಸಾಲಿಗನ ಮುಂದೆ ಹಿತ್ತಾಳೆ ಇಟ್ಟು ಬಂಗಾರ ಅಂದಂಗಾಗುತ್ತದೆ.

ಸಿಕ್ಕಿಬಿದ್ದದ್ದು ಹೇಗೆ ಅಂತ ತಿಳಕೋ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲೇ ಹುಟ್ಟಿದ ಜೆಪ್ಲಾಗ್ ಅಂತ ಕೋಡ್ ನಕಲು ಹಿಡಿಯುವ ಒಂದು ಸಾಧನ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದಾಗ ಅಲೆಕ್ಸ್ ಐಕನ್ 1994ರಲ್ಲಿ ಮಾಡಿದ ಮಾಸ್ ಇನ್ನೊಂದು. ಇವು ನಿನ್ನ ವೇರಿಯಬಲ್ ಹೆಸರು, ಕೋಡಿನ ನಡುವೆ ಬರೆದ ಟಿಪ್ಪಣಿ ಅಂದರೆ ಕಾಮೆಂಟು, ಖಾಲಿ ಜಾಗ ಯಾವುದನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. 'ಇಲ್ಲಿ ಲೂಪ್ ಶುರು, ಇಲ್ಲಿ ವೇರಿಯಬಲ್‌ಗೆ ಮೌಲ್ಯ ಕೊಟ್ಟದ್ದು, ಇಲ್ಲಿ ಉತ್ತರ ಮರಳಿಸಿದ್ದು' ಎನ್ನುವ ಅಸ್ಥಿಪಂಜರವನ್ನಷ್ಟೇ ಉಳಿಸಿಕೊಂಡು, ಕ್ಲಾಸಿನ ಪ್ರತಿಯೊಬ್ಬರದಕ್ಕೂ ಜೋಡಿಸಿ ನೋಡುತ್ತವೆ. ಮೇಷ್ಟ್ರು ಹಳೇ ಬ್ಯಾಚಿನವನ್ನೂ ಸೇರಿಸಿದ್ದರೆ ಅದಕ್ಕೂ. ಒಂದು ಲೂಪ್ ಬದಲಿಸಿದರೆ ಅಷ್ಟು ತುಣುಕು ತಪ್ಪೀತು, ಹಿಂದಿನ ಮುಂದಿನ ನಲವತ್ತು ಸಾಲು ಸಾಲಾಗಿ ತಾಳೆಯಾಗುತ್ತದೆ. ಫಂಕ್ಷನ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಂಡುಗಳನ್ನು, ಮೇಲೆ ಕೆಳಗೆ ಮಾಡಿದರೂ ಅಷ್ಟೇ. 'ಶೇಕಡ ಮೂವತ್ತು ಬದಲಿಸಿದರೆ ಗೊತ್ತಾಗಲ್ಲ' ಅಂತ ಯೂಟ್ಯೂಬಿನಲ್ಲಿ ಬುದ್ಧಿ ಹೇಳುವವರು ಈ ಸಾಧನವನ್ನು ಕಣ್ಣಲ್ಲೂ ಕಂಡವರಲ್ಲ.

ಆದರೆ ಸಾಧನ ತೀರ್ಪು ಕೊಡುವುದಿಲ್ಲ, ಹೋಲಿಕೆ ತೋರಿಸುತ್ತದೆ, ತೀರ್ಮಾನ ಮನುಷ್ಯರದು. ನಿನಗಿರುವ ಅವಕಾಶ ಅದೇ. ಯಾವ ಫಂಕ್ಷನ್ ಯಾರದು, ಯಾವುದು ನೀನೇ ಬರೆದದ್ದು, ಇವತ್ತೇ ಒಂದು ಹಾಳೆಯಲ್ಲಿ ಬರೆದಿಡು. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸುವ ಗಿಟ್ ಬಳಸಿದ್ದರೆ ಅದರ ಹಿಸ್ಟರಿ ಹಾಗೇ ಇರಲಿ, ಏನೂ ಅಳಿಸಬೇಡ. ರೂಮ್‌ಮೇಟ್ ಜೊತೆ ಕೂತು ಒಂದೇ ಕತೆ ಹೆಣೆಯಬೇಡಿ, ಅದು ಎರಡನೇ ನಕಲು! ಅಲ್ಲಿಯ ವಿದ್ಯಾರ್ಥಿ ಸಂಘದವರ ಹತ್ತಿರ ವಿಚಾರಣೆಯ ನಿಯಮ ಕೇಳಿಕೋ. ಇಲ್ಲಿ ನಿಮ್ಮ ಕಾಲೇಜಿನಲ್ಲಿ ವಿನಿಮಯ ನೋಡಿಕೊಳ್ಳುವ ಮೇಷ್ಟ್ರಿಗೆ ನೀನೇ ಮೊದಲು ತಿಳಿಸು. ಅವರಿಗೆ ಅಲ್ಲಿಂದ ಮೇಲ್ ಬಂದು ಗೊತ್ತಾದರೆ ನಿನ್ನ ಪರ ನಿಲ್ಲುವವರು ಒಬ್ಬರು ಕಡಿಮೆ.

ವಾಪಸ್ ಕಳಿಸುತ್ತಾರಾ? ಮೊದಲ ಸಲವಾದರೆ ಸಾಮಾನ್ಯವಾಗಿ ಆ ಅಸೈನ್‌ಮೆಂಟಿಗೆ ಸೊನ್ನೆ, ಇಲ್ಲವೇ ಆ ವಿಷಯವೇ ಫೇಲು. ಪೆಟ್ಟು ಬೀಳುವುದು ಕ್ರೆಡಿಟ್‌ಗೆ. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಕ್ರೆಡಿಟ್, ಕ್ರೆಡಿಟ್‌ಗೆ 25ರಿಂದ 30 ಗಂಟೆ ದುಡಿಮೆ. ಆರು ಕ್ರೆಡಿಟ್ ಹೋದರೆ ಇಲ್ಲಿ ಅದಕ್ಕೆ ಬದಲಾಗಬೇಕಿದ್ದ ವಿಷಯ ಹಾಗೇ ಬಾಕಿ ಉಳಿಯುತ್ತದೆ. ಕೋಡ್ ಕೊಟ್ಟ ರೂಮ್‌ಮೇಟ್ ಕೂಡ ತಪ್ಪಿಸಿಕೊಳ್ಳಲಾರ, ಕೊಟ್ಟವನೂ ತಪ್ಪಿತಸ್ಥ ಎನ್ನುವುದು ಅಲ್ಲಿ ಸಾಮಾನ್ಯ.

ನಿನ್ನೊಬ್ಬನನ್ನೇ ಬೈಯುವುದು ನ್ಯಾಯವಲ್ಲ. ನಾನೂ ಲ್ಯಾಬ್ ರೆಕಾರ್ಡ್‌ಗಳಿಗೆ ವರ್ಷಗಟ್ಟಲೆ ಸಹಿ ಹಾಕಿದವನು. ಒಂದು ಬ್ಯಾಚಿನ ಅಷ್ಟೂ ರೆಕಾರ್ಡಿನಲ್ಲಿ 'ನಂಬರ್' ಪದದ ಸ್ಪೆಲಿಂಗ್ ಒಂದೇ ರೀತಿ ತಪ್ಪಿತ್ತು. ಹಿಂದಿನ ವರ್ಷದ ಸೀನಿಯರ್ ಯಾರೋ ಬಿ ಮತ್ತು ಎಂ ಅಕ್ಷರಗಳನ್ನು ಹಿಂದುಮುಂದು ಬರೆದಿದ್ದ, ಅರವತ್ತು ಜನ ಹಾಗೇ ಇಳಿಸಿದ್ದರು. ನಕ್ಕು ಸಹಿ ಹಾಕಿದೆ. ಹುಡುಗರು ವಿದೇಶದಲ್ಲಿ ಎಡವುವುದು ಇಂಗ್ಲಿಷಿನಿಂದ ಅಂತ ಅಪ್ಪ-ಅಮ್ಮ ತಿಳಿದಿದ್ದಾರೆ. ಅಲ್ಲ, ನಾವು ಕಲಿಸಿದ ಈ ರೆಕಾರ್ಡ್ ಇಳಿಸುವ ಚಾಳಿಯಿಂದ.

ಮುಂದಿನ ಅಸೈನ್‌ಮೆಂಟಿಗೆ ಒಂದು ಪದ್ಧತಿ ಇಟ್ಟುಕೋ. ಗೆಳೆಯರ ಜೊತೆ ಬೋರ್ಡಿನ ಮೇಲೆ ಚರ್ಚೆ ಮಾಡು, ಎಲ್ಲ ಒರೆಸಿ ಬಾ, ಟೀ ಕುಡಿ, ಆಮೇಲೆ ಒಬ್ಬನೇ ಕೂತು ಬರಿ. ಯಾರ ಜೊತೆ ಚರ್ಚಿಸಿದೆ ಅಂತ ಮೇಲೆ ಕಾಮೆಂಟ್ ಹಾಕು. ಎಐ ಬಳಸಬಹುದಾ ಅನ್ನುವುದು ಒಂದೊಂದು ಕೋರ್ಸಿಗೆ ಒಂದೊಂದು ಥರ, ಆಯಾ ಕೋರ್ಸಿನ ನಿಯಮ ಓದು. ಗೊತ್ತಾಗದಿದ್ದರೆ ಮೇಷ್ಟ್ರನ್ನೇ ಕೇಳು, ಅಲ್ಲಿ ಯಾರೂ ಅದನ್ನು ಉದ್ಧಟತನ ಅನ್ನುವುದಿಲ್ಲ.

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಬರೀ 1.3 ಬಂದಿದೆ. ಫೇಲಾ?
– ಹರಿಹರದ ತಂದೆ

ಅಲ್ಲಿ 1.0 ಎಲ್ಲಕ್ಕಿಂತ ಮೇಲು, 5.0 ಫೇಲು. ಓಣಿಗೆಲ್ಲ ಸಿಹಿ ಹಂಚಿ ಸ್ವಾಮಿ.

ಪ್ರಶ್ನೆ: ಮಗನ ಜರ್ಮನಿ ವೀಸಾಕ್ಕೆ ಖರ್ಚಿನ ದುಡ್ಡು ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟಿಗೆ ತಾನೇ ದುಡ್ಡು ಹಾಕಿ, ವೀಸಾ ಆದ ಮೇಲೆ ವಾಪಸ್ ತಗೊಳ್ತೀನಿ, ವೀಸಾ ಗ್ಯಾರಂಟಿ ಅಂತಾನೆ ಏಜೆಂಟ್. ಒಪ್ಪಬಹುದಾ?
– ದಾವಣಗೆರೆ ವಿದ್ಯಾನಗರದ ಓದುಗರು

ಗ್ಯಾರಂಟಿ ಕೊಡಲು ವೀಸಾ ಅವನ ಮನೆಯದಾ? 2024ರ ಸೆಪ್ಟೆಂಬರ್‌ನಿಂದ ಆ ಅಕೌಂಟಿನಲ್ಲಿ ಇಡಬೇಕಾದ ಲೆಕ್ಕ ತಿಂಗಳಿಗೆ 992 ಯೂರೋ. ಮಗ ಅಲ್ಲಿ ಹೋದ ಮೇಲೆ ತಿಂಗಳಿಗಿಷ್ಟು ಅಂತ ಬಿಡುಗಡೆಯಾಗುವ ಊಟ-ಬಾಡಿಗೆಯ ದುಡ್ಡು ಅದು. ಅದನ್ನು ಏಜೆಂಟ್ ತಗೊಂಡರೆ ಹುಡುಗ ಏನು ತಿನ್ನಬೇಕು? ಎದ್ದು ಬನ್ನಿ.

ಪ್ರಶ್ನೆ: ಮಗನ ಜೊತೆ ಮನೆಯ ಬೆಣ್ಣೆ, ತುಪ್ಪ ಕಳಿಸಬಹುದಾ?
– ಚನ್ನಗಿರಿಯ ತಾಯಿ

ಇಲ್ಲಮ್ಮ. ಹೊರದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ ಕಟ್ಟಿಕೊಡಿ. ಮಂಡಕ್ಕಿ ಬೇಡ, ತೂಕ ಬರದಿದ್ದರೂ ಸೂಟ್‌ಕೇಸ್ ಪೂರ್ತಿ ಅದೇ ಆಗುತ್ತದೆ.