ಜನರಲ್ ಸಾಹೇಬರಿಗೆ ಸಿಪಾಯಿಗಳ ಊಟ

ಹಾವೇರಿಯಿಂದ ಬರೆದಿರುವ ಓದುಗರೇ, ನಮಸ್ಕಾರ. ಬಡವ-ಬಲ್ಲಿದ ಅನ್ನೋ ಅಂತರ ಸಾವಿರಾರು ವರ್ಷದಿಂದ ಇದ್ದೇ ಇದೆ, ಅದರಿಂದಲೇ ರಾಜರು ಬಿದ್ದರು ಅನ್ನೋದನ್ನು ಹೇಗೆ ಒಪ್ಪೋದು ಎಂದು ಕೇಳಿದ್ದೀರಿ. ಫ್ರಾನ್ಸಿನ ಕ್ರಾಂತಿಯ ಕಥೆ ಎಲ್ಲರೂ ಹೇಳುತ್ತಾರೆ. ನಾನು ಇಥಿಯೋಪಿಯಾದ್ದು ಹೇಳುತ್ತೇನೆ.

ಅಲ್ಲಿ ಹೈಲೆ ಸೆಲಾಸಿ 1930ರಲ್ಲಿ ಚಕ್ರವರ್ತಿಯಾದ. ತನ್ನದು ಬೈಬಲ್ಲಿನ ಸೊಲೊಮನ್ ರಾಜನ ವಂಶ ಎಂದು 1955ರ ಸಂವಿಧಾನದಲ್ಲೇ ಬರೆಸಿಕೊಂಡ. ದಕ್ಷಿಣದ ಸೀಮೆಗಳಲ್ಲಿ ಗೇಣಿದಾರರು ಬೆಳೆಯ ಮೂರನೇ ಒಂದು ಪಾಲು, ಎಷ್ಟೋ ಕಡೆ ಅರ್ಧವನ್ನೇ ಒಡೆಯನಿಗೆ ಅಳೆಯಬೇಕಿತ್ತು. ಬಿಟ್ಟಿ ಚಾಕರಿ ಬೇರೆ. 1965ರಲ್ಲಿ ರಾಜಧಾನಿ ಅಡಿಸ್ ಅಬಾಬದ ವಿದ್ಯಾರ್ಥಿಗಳು 'ಮೆರೆತ್ ಲಾರಾಶು' ಎಂದು ಕೂಗುತ್ತಾ ಬೀದಿಗಿಳಿದರು. ಉಳುವವನಿಗೇ ಭೂಮಿ ಅಂತ. ನಮಗೂ ಗೊತ್ತಿರುವ ಮಾತೇ, ಅಲ್ವಾ? ಗೇಣಿ ಮಸೂದೆ ಪಾರ್ಲಿಮೆಂಟಿನವರೆಗೂ ಹೋಯಿತು. ಅಲ್ಲಿ ಕೂತವರಲ್ಲಿ ಜಮೀನ್ದಾರರೇ ಜಾಸ್ತಿ. ಪಾಸಾಗಲೇ ಇಲ್ಲ.

1973ರಲ್ಲಿ ವೊಲ್ಲೊ ಪ್ರಾಂತ್ಯದಲ್ಲಿ ಭೀಕರ ಬರ. ಹತ್ತಾರು ಸಾವಿರ ಜನ ಸತ್ತರು, ಸರ್ಕಾರ ಸುದ್ದಿಯನ್ನೇ ಮುಚ್ಚಿಟ್ಟಿತು. ನಿಮ್ಮ ಅನುಮಾನ ಇಲ್ಲಿ ನಿಜ: ಹಸಿದವರು ದಂಗೆ ಏಳಲಿಲ್ಲ. ಹೆದ್ದಾರಿಗೆ ಬಂದು ಕೈಚಾಚಿದರು. ಹೊಟ್ಟೆಗಿಲ್ಲದವನಿಗೆ ದಂಗೆ ಏಳೋಕೆ ತ್ರಾಣವಾದರೂ ಎಲ್ಲಿ?

ದಂಗೆ ಎದ್ದದ್ದು ನೆಗೆಲ್ಲೆ ಅನ್ನೋ ದಕ್ಷಿಣದ ಊರಿನ ಸೇನಾ ಠಾಣ್ಯದಲ್ಲಿ, 1974ರ ಜನವರಿಯಲ್ಲಿ. ಸಿಪಾಯಿಗಳ ನೀರಿನ ಪಂಪು ಕೆಟ್ಟಿತ್ತು. ಆಫೀಸರುಗಳ ಬಾವಿಯಲ್ಲಿ ನೀರಿತ್ತು, ಇವರು ಸೇದುವ ಹಾಗಿರಲಿಲ್ಲ. (ಬಾವಿ ಮುಟ್ಟಬಾರದು ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.) ಸಿಪಾಯಿಗಳು ಆಫೀಸರುಗಳನ್ನು ಹಿಡಿದು ಕೂರಿಸಿದರು. ವಿಚಾರಿಸಲು ಬಂದ ಜನರಲ್‌ಗೆ ತಮ್ಮ ಊಟವನ್ನೇ ಬಡಿಸಿದರು, ತಮ್ಮ ನೀರನ್ನೇ ಕುಡಿಸಿದರು. ನನ್ನ ಲೆಕ್ಕದಲ್ಲಿ ಸಿಂಹಾಸನ ಅಲುಗಿದ್ದು ಆ ಊಟದ ಹೊತ್ತಿಗೆ. ಅಂತರ ಹಳೆಯದೇ, ಆದರೆ ಅದು ಈಗ ಬಂದೂಕು ಹಿಡಿದವನ ತಟ್ಟೆಗೆ ಬಂದಿತ್ತು.

ಫೆಬ್ರವರಿಯಲ್ಲಿ ಪೆಟ್ರೋಲ್ ಬೆಲೆ ಏರಿತು. ಟ್ಯಾಕ್ಸಿಯವರು ಗಾಡಿ ನಿಲ್ಲಿಸಿದರು, ಮೇಷ್ಟ್ರುಗಳು ಪಾಠ ನಿಲ್ಲಿಸಿದರು. ಸೈನ್ಯಕ್ಕೆ ಸಂಬಳ ಜಾಸ್ತಿ ಮಾಡಿದ್ದಾಯಿತು, ಪ್ರಧಾನಿ ರಾಜೀನಾಮೆ ಕೊಟ್ಟದ್ದೂ ಆಯಿತು. ಜೂನ್‌ನಲ್ಲಿ ಸೈನ್ಯದ ಕೆಳದರ್ಜೆಯವರು 'ದೆರ್ಗ್' ಅನ್ನೋ ಸಮಿತಿ ಕಟ್ಟಿಕೊಂಡು, ರಾಜನ ಸುತ್ತಲಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಹಾಕುತ್ತಾ ಬಂದರು. ಸೆಪ್ಟೆಂಬರ್ 11ರ ರಾತ್ರಿ ಟಿವಿಯಲ್ಲಿ ವೊಲ್ಲೊದ ಬರ, ನಡುನಡುವೆ ಅರಮನೆಯ ವೈಭವ. ಮರುದಿನ ಬೆಳಿಗ್ಗೆ 82 ವರ್ಷದ ಚಕ್ರವರ್ತಿಯನ್ನು ಒಂದು ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಅಂದ ಹಾಗೆ, ಅದೇ 1974ರ ಮಾರ್ಚ್ 1ರಿಂದ ನಮ್ಮ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಇಲ್ಲಿನ ಗೇಣಿದಾರರು ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿ ಮುಂದೆ ನಿಂತರು. ಎಲ್ಲರಿಗೂ ಸಿಕ್ಕಿತು ಅಂತ ನಾನು ಹೇಳೋದಿಲ್ಲ. ಇಥಿಯೋಪಿಯಾದಲ್ಲಿ ದೆರ್ಗ್ 1975ರ ಮಾರ್ಚ್‌ನಲ್ಲಿ ಜಮೀನನ್ನೆಲ್ಲ ಸರ್ಕಾರದ್ದು ಮಾಡಿತು, ಅರಸೊತ್ತಿಗೆಯನ್ನೂ ತೆಗೆದುಹಾಕಿತು. ಎರಡೇ ವರ್ಷಕ್ಕೆ ಸಾವಿರಾರು ಯುವಕರನ್ನು ಕೊಂದು ಹಾಕಿತು. ಉಳುವವನಿಗೇ ಭೂಮಿ ಎಂದು ಕೂಗಿದ್ದ ವಿದ್ಯಾರ್ಥಿ ಚಳವಳಿಯಿಂದ ಬಂದವರೂ ಸತ್ತವರಲ್ಲಿದ್ದರು.

– ಸಂ.